ಹೆಸರು ಕೇಳಿದ ಅಧಿಕಾರಿ: ಸುಕುಮಾರ್ ಸೇನ್

ಮಹಿಳಾ ವೇದಿಕೆಯ ಸಂಚಿಕೆಗೆ ವ್ಯಕ್ತಿಚಿತ್ರ ಬರೆಯುವುದೆಂದರೆ ಯಾರಾದರೂ ಒಬ್ಬ ಸಾಧಕಿಯನ್ನು ಆರಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಈ ಸಲ ನಾನು ಆ ವಾಡಿಕೆ ಮುರಿದು ಒಬ್ಬ ಗಂಡಸಿನ ಬಗ್ಗೆ ಬರೆಯುತ್ತಿದ್ದೇನೆ. ಅದೂ ಎಂಥವರು? ನಮ್ಮ ದೇಶದ ಮೊಟ್ಟಮೊದಲ ಮಹಾಚುನಾವಣೆಯಲ್ಲಿ 28 ಲಕ್ಷ ಹೆಣ್ಣುಮಕ್ಕಳನ್ನು ಮತದಾರರ ಪಟ್ಟಿಯಿಂದಲೇ ಕೈಬಿಟ್ಟವರು. ಇಂಥವರಿಗೆ ನಮ್ಮ ವೇದಿಕೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಾನೂ ಅದೇ ಪ್ರಶ್ನೆ ಇಟ್ಟುಕೊಂಡೇ ಸುಕುಮಾರ್ ಸೇನರ ಬಗ್ಗೆ ಓದತೊಡಗಿದೆ.

ನನ್ನ ಉದ್ಯೋಗ ಸಾಫ್ಟ್‌ವೇರ್. ಎಂ.ಟೆಕ್. ಮುಗಿಸಿದಾಗಿನಿಂದ ಜನರ ಹೆಸರು, ವಿಳಾಸ, ಹುಟ್ಟಿದ ದಿನ ತುಂಬಿದ ಡೇಟಾಬೇಸ್‌ಗಳ ಜೊತೆಗೇ ನನ್ನ ಗುದ್ದಾಟ. ಒಂದೇ ವ್ಯಕ್ತಿ ಎರಡು ಸಲ ಸೇರಿಕೊಂಡಿದ್ದಾರೆಯೇ, ಹೆಸರಿನ ಜಾಗ ಖಾಲಿ ಇದೆಯೇ ಎಂದು ಹುಡುಕುವುದು ನನ್ನ ದಿನದ ಪಾಡು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ 17 ಕೋಟಿಗೂ ಮಿಕ್ಕಿದ ಜನರ ಪಟ್ಟಿಯನ್ನು ಒಬ್ಬ ಮನುಷ್ಯ ಸಂಭಾಳಿಸಿದ ಎಂದರೆ ನನಗೆ ಕುತೂಹಲ ಹುಟ್ಟದೆ ಇರುತ್ತದೆಯೇ?

ಸೇನರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿನಲ್ಲಿ, ಬಂಗಾಳಿ ಮನೆತನದಲ್ಲಿ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅಲ್ಲಿಂದ ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತದಲ್ಲಿ ಚಿನ್ನದ ಪದಕ ಪಡೆದರು. 1920ರ ದಶಕದ ಆರಂಭದಲ್ಲಿ ಐ.ಸಿ.ಎಸ್. ಸೇರಿ, ಬಂಗಾಳದ ಜಿಲ್ಲೆಗಳಲ್ಲಿ ಅಧಿಕಾರಿಯಾಗಿ, ನ್ಯಾಯಾಧೀಶರಾಗಿ ಕೆಲಸ ಮಾಡಿದರು. ತಮ್ಮ ಅಶೋಕ್ ಕುಮಾರ್ ಸೇನ್ ಮುಂದೆ ಕೇಂದ್ರದ ಕಾನೂನು ಸಚಿವರಾದರು. ಮನೆಯವರ ಬಗ್ಗೆ ಇಷ್ಟು ಸಾಕು.

ಆದರೆ ಅವರು ಕೆಲಸ ಮಾಡಿದ ಬಂಗಾಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಬಾಂಬು ಬಿದ್ದದ್ದು ಕಲ್ಕತ್ತೆಯ ಮೇಲೆ. 1943ರ ಬರದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತದ್ದು ಆ ಪ್ರಾಂತದಲ್ಲಿ. 1946ರ ಆಗಸ್ಟಿನ ಕೊಲೆಗಳು, ಮರುವರ್ಷ ಪ್ರಾಂತವೇ ಎರಡು ತುಂಡಾದದ್ದು, ರೈಲುಗಟ್ಟಲೆ ನಿರಾಶ್ರಿತರು ಬಂದು ಸಿಯಾಲ್ದಾ ನಿಲ್ದಾಣದಲ್ಲೇ ಬೀಡುಬಿಟ್ಟದ್ದು ಎಲ್ಲವೂ ಅಲ್ಲಿಯೇ. 1947ರಲ್ಲಿ ಆ ತುಂಡಾದ ಪಶ್ಚಿಮ ಬಂಗಾಳಕ್ಕೆ ಸೇನರು ಮುಖ್ಯ ಕಾರ್ಯದರ್ಶಿಯಾದರು. ಚುನಾವಣೆ ನಡೆಸಲು ದೆಹಲಿಗೆ ಬಂದ ಮನುಷ್ಯ ಸುಖದ ದಿನಗಳಿಂದ ಎದ್ದು ಬಂದವರಲ್ಲ.

ದೇಶದ ಉಳಿದ ಭಾಗವೂ ಹಾಗೆಯೇ ಇತ್ತು. ಕಾಶ್ಮೀರದ ಯುದ್ಧಕ್ಕೆ ಕದನವಿರಾಮ ಬಿದ್ದದ್ದು 1949ರ ಜನವರಿ 1ರಂದು. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ಕಾಲಿಟ್ಟದ್ದು 1948ರ ಸೆಪ್ಟೆಂಬರಿನಲ್ಲಿ. ಕಲಬುರಗಿ, ಬೀದರ್, ರಾಯಚೂರು ಕಡೆಯ ಸದಸ್ಯೆಯರು ಆ ದಿನಗಳ ಕಥೆಗಳನ್ನು ತಮ್ಮ ಅಜ್ಜಿಯರ ಬಾಯಲ್ಲಿ ಕೇಳಿಯೇ ಇರುತ್ತಾರೆ. ತೆಲಂಗಾಣದಲ್ಲಿ ಬಂದೂಕು ಹಿಡಿದ ರೈತದಳಗಳ ಹೋರಾಟ 1951ರ ಅಕ್ಟೋಬರಿನವರೆಗೂ ನಡೆದಿತ್ತು. ಅಕ್ಕಿಗೆ, ಬಟ್ಟೆಗೆ ರೇಷನ್ನು. ಇಂಥ ದೇಶದಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಎಂದು ಸಂವಿಧಾನ ಬರೆದುಬಿಟ್ಟಿತು. ಮತದಾರರಲ್ಲಿ ನೂರಕ್ಕೆ 85 ಮಂದಿಗೆ ಓದು ಬರಹ ಬಾರದು.

ಇದು ಎಷ್ಟು ದೊಡ್ಡ ಜಿಗಿತ ಎಂಬುದನ್ನು ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಬ್ರಿಟಿಷರ 1935ರ ಕಾಯಿದೆಯಲ್ಲಿ ಆಸ್ತಿ, ತೆರಿಗೆ, ಓದು ಇದ್ದವರಿಗಷ್ಟೇ ಮತವಿತ್ತು. ಹೆಂಗಸರಿಗೆ ಇನ್ನೊಂದು ದಾರಿಯಿತ್ತು. ಗಂಡನಿಗೆ ಸಾಕಷ್ಟು ಆಸ್ತಿಯಿದ್ದರೆ, ಅವನ ಹೆಂಡತಿ ಎಂಬ ಕಾರಣಕ್ಕೆ ಅವಳಿಗೂ ಒಂದು ಮತ. ಅಂದರೆ ಮತ ಅವಳದ್ದು, ಅರ್ಹತೆ ಅವನದು. ಹೊಸ ಸಂವಿಧಾನ ಈ ಗಂಟನ್ನು ಕತ್ತರಿಸಿತು. ಆದರೆ ಕಾಯಿದೆಯ ಪುಸ್ತಕದಲ್ಲಿ ಕತ್ತರಿಸಿದ ಗಂಟು ಮನೆಯ ಹೊಸ್ತಿಲಲ್ಲಿ ಹಾಗೆಯೇ ಉಳಿದಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ, ಪಟ್ಟಿಯ ಕೆಲಸ ಶುರುವಾದದ್ದು ಸೇನರಿಂದಲ್ಲ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರ ಕಚೇರಿ 1947ರ ಕೊನೆಯಲ್ಲೇ ಅದಕ್ಕೆ ಕೈಹಾಕಿತ್ತು. ರಾವ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ, 1948ರಲ್ಲಿ, ಕರಡು ಮತದಾರರ ಪಟ್ಟಿ ತಯಾರಿಸಿ ಎಂದು ಎಲ್ಲ ಪ್ರಾಂತ, ಸಂಸ್ಥಾನಗಳಿಗೆ ಸೂಚನೆ ಹೋಯಿತು. ಆಗ ಎದ್ದ ಮೊದಲ ತೊಡಕು ನಿರಾಶ್ರಿತರದು. ಪಟ್ಟಿಯಲ್ಲಿ ಸೇರಬೇಕಾದರೆ ಆ ಊರಿನಲ್ಲಿ 180 ದಿನ ವಾಸವಾಗಿರಬೇಕೆಂಬ ನಿಯಮವಿತ್ತು. ನಿನ್ನೆ ಮೊನ್ನೆ ಗಡಿ ದಾಟಿ ಬಂದು ಶಿಬಿರದಲ್ಲಿ ಮಲಗಿದವರು 180 ದಿನದ ಲೆಕ್ಕ ಎಲ್ಲಿಂದ ಕೊಡಬೇಕು? ಇಲ್ಲಿಯೇ ನೆಲೆಸುತ್ತೇನೆ ಎಂದು ಹೇಳಿಕೆ ಬರೆದುಕೊಟ್ಟರೆ ಸಾಕು, ಸೇರಿಸಿಕೊಳ್ಳಿ ಎಂದು ತೀರ್ಮಾನವಾಯಿತು. ಊರೂರು ಬದಲಿಸಿ, ವಿಳಾಸದ ಪುರಾವೆಗೆ ಬಾಡಿಗೆ ಕರಾರು ಹಿಡಿದು ಅಲೆದ ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ನಿರ್ಧಾರದ ದೊಡ್ಡತನ ಬೇರೆ ಯಾರಿಗಿಂತಲೂ ಬೇಗ ಅರ್ಥವಾದೀತು.

ಚುನಾವಣಾ ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು. ಮಾರ್ಚ್ 21ರಂದು ಸೇನರು ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಮುಖ್ಯ ಎಂದರೂ ಅವರ ಕೆಳಗೆ ಬೇರೆ ಆಯುಕ್ತರಿರಲಿಲ್ಲ, ಆಯೋಗವೆಂದರೆ ಅವರೊಬ್ಬರೇ. ಪ್ರಧಾನಿ ನೆಹರೂ ಅವರಿಗೆ ಚುನಾವಣೆ 1951ರ ವಸಂತದ ಹೊತ್ತಿಗೇ ಮುಗಿಯಬೇಕೆಂಬ ಆಸೆ. ಮೇಲಿನವರು ಡೆಡ್‌ಲೈನ್ ಕೊಟ್ಟಾಗ ಆಗುವುದಿಲ್ಲ ಎನ್ನಲು ಎದೆ ಬೇಕು. ನಮ್ಮ ಕ್ಷೇತ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೇನರು ಅವಸರ ಬೇಡ ಎಂದರು. ಚುನಾವಣೆ ನಡೆಸುವ ಕಾಯಿದೆಯೇ ಸಂಸತ್ತಿನಲ್ಲಿ ಪಾಸಾದದ್ದು 1951ರ ಜುಲೈನಲ್ಲಿ. ಕ್ಷೇತ್ರಗಳ ಗಡಿ ಗುರುತಾಗಬೇಕು, ಪಟ್ಟಿ ಅಚ್ಚಾಗಬೇಕು, ಪೆಟ್ಟಿಗೆ ತಯಾರಾಗಬೇಕು. ಅವರ ಮಾತೇ ಗೆದ್ದಿತು.

ಈಗ ಸ್ವಲ್ಪ ಲೆಕ್ಕ. ಮತದಾರರು ಸುಮಾರು 17 ಕೋಟಿ 30 ಲಕ್ಷ. ಲೋಕಸಭೆಗೆ 489 ಸ್ಥಾನ, ವಿಧಾನಸಭೆಗಳದ್ದೂ ಸೇರಿದರೆ ನಾಲ್ಕು ಸಾವಿರಕ್ಕೂ ಹೆಚ್ಚು. ಪಟ್ಟಿಯನ್ನು ಬೆರಳಚ್ಚು ಮಾಡಿ ಜೋಡಿಸಲು ಆರು ತಿಂಗಳ ಗುತ್ತಿಗೆಯ ಮೇಲೆ 16,500 ಗುಮಾಸ್ತರು. ಅಚ್ಚು ಹಾಕಲು 3,80,000 ರೀಮ್ ಕಾಗದ. ಉಕ್ಕಿನ ಮತಪೆಟ್ಟಿಗೆಗಳು 20 ಲಕ್ಷಕ್ಕೂ ಹೆಚ್ಚು, ಅದಕ್ಕೆ ಬೇಕಾದ ಉಕ್ಕು 8,200 ಟನ್. ಆ ಪೆಟ್ಟಿಗೆಗಳಲ್ಲಿ 12 ಲಕ್ಷಕ್ಕೂ ಹೆಚ್ಚು ತಯಾರಾದದ್ದು ನಮ್ಮ ಮುಂಬಯಿಯ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ದಿನಾ ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಆ ನಿಲ್ದಾಣ ದಾಟುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಮತಪತ್ರಗಳು ಅಚ್ಚಾದದ್ದು ನಾಸಿಕ್‌ನ ಸೆಕ್ಯುರಿಟಿ ಪ್ರೆಸ್ಸಿನಲ್ಲಿ, ಒಂದು ರೂಪಾಯಿ ನೋಟಿನ ಅಳತೆಯಲ್ಲಿ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಸರ್ಕಾರಿ ವಿಜ್ಞಾನಿಗಳು ಸಿದ್ಧಪಡಿಸಿಕೊಟ್ಟರು. ಶಾಯಿ ಎಂದ ಕೂಡಲೇ ನಮಗೆ ಮೈಸೂರು ನೆನಪಾಗುತ್ತದೆ. ಆದರೆ ಮೈಸೂರಿನ ಕಾರ್ಖಾನೆ ಆ ಶಾಯಿ ಪೂರೈಸಲು ಶುರುಮಾಡಿದ್ದು 1962ರ ಮೂರನೆಯ ಮಹಾಚುನಾವಣೆಯಿಂದ. ವಾಟ್ಸಾಪಿನಲ್ಲಿ ಮೊದಲ ಚುನಾವಣೆಯ ಶಾಯಿಯೂ ನಮ್ಮದೇ ಎಂದು ಬರುವ ಸಂದೇಶಗಳನ್ನು ನಂಬಬೇಡಿ.

ಪೆಟ್ಟಿಗೆಗಳು ಅಷ್ಟೊಂದು ಏಕೆ ಬೇಕಾದವು ಎನ್ನುವುದರಲ್ಲೇ ಸೇನರ ಜಾಣ್ಮೆಯಿದೆ. ಓದಲು ಬಾರದವರು ಅಭ್ಯರ್ಥಿಯ ಹೆಸರಿನ ಮುಂದೆ ಗುರುತು ಹಾಕುವುದು ಹೇಗೆ? ಆದ್ದರಿಂದ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಪಕ್ಷದ ಚಿಹ್ನೆ. ಜೋಡೆತ್ತು, ಗುಡಿಸಲು, ದೀಪ, ಮರ. ಹಳ್ಳಿಯ ಯಾವ ಮುದುಕಿಗೂ ಬಿಡಿಸಿ ಹೇಳಬೇಕಾಗಿಲ್ಲದ ಚಿತ್ರಗಳು. ಮರೆಯೊಳಗೆ ಹೋಗಿ, ತನಗೆ ಬೇಕಾದ ಚಿತ್ರದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಪೆನ್ಸಿಲು ಬೇಡ, ಅಕ್ಷರ ಬೇಡ. ಬಳಸುವವರಿಗೆ ಸುಲಭವಾಗಲೆಂದು ಕಷ್ಟವನ್ನೆಲ್ಲ ವ್ಯವಸ್ಥೆಯೇ ಹೊತ್ತುಕೊಳ್ಳಬೇಕು ಎಂದು ನಮಗೆ ತರಗತಿಯಲ್ಲಿ ಪಾಠ ಹೇಳುತ್ತಿದ್ದರು. ಅದರ ಇಷ್ಟು ದೊಡ್ಡ ಉದಾಹರಣೆ ಪಠ್ಯಪುಸ್ತಕದಲ್ಲಿ ನಾನು ಕಂಡಿರಲಿಲ್ಲ.

ಚಿಹ್ನೆಗೆ ಅಕ್ಷರ ಬೇಕಿರಲಿಲ್ಲ, ಸರಿ. ಆದರೆ ಪಟ್ಟಿಗೆ ಹೆಸರು ಬೇಕಿತ್ತು. ಎಡವಿದ್ದು ಅಲ್ಲಿ.

ಮನೆಮನೆಗೆ ಹೋದ ಗಣತಿದಾರರಿಗೆ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತ, ವಿಂಧ್ಯ ಪ್ರದೇಶಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಪರಗಂಡಸಿಗೆ ಹೆಸರು ಹೇಳುವುದು ಅಲ್ಲಿಯ ಮರ್ಯಾದೆಗೆ ಹೊಂದುತ್ತಿರಲಿಲ್ಲ. ಇಂಥವರ ತಾಯಿ, ಇಂಥವರ ಹೆಂಡತಿ, ಇಂಥವರ ಮಗಳು ಎಂದರು. ಗಣತಿದಾರರು ಅದನ್ನೇ ಬರೆದುಕೊಂಡರು. ಎಷ್ಟೋ ಕಡೆ ಅವಳ ಪರವಾಗಿ ಉತ್ತರ ಕೊಟ್ಟದ್ದು ಅಂಗಳದಲ್ಲಿ ಕೂತ ಗಂಡಸೇ ಇರಬೇಕು.

ನಮಗೆ ಇದು ತೀರಾ ಪರಕೀಯವೇನಲ್ಲ. ಧಾರವಾಡದ ಕಡೆಯ ನಮ್ಮ ಮನೆಗಳಲ್ಲಿ ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದೆಂದೇ ಒಡಪು ಹುಟ್ಟಿಕೊಂಡಿದೆ; ಮದುವೆ, ಸೀಮಂತದಲ್ಲಿ ಪ್ರಾಸ ಕಟ್ಟಿ ಅದರೊಳಗೆ ಅವನ ಹೆಸರು ಅಡಗಿಸಿ ಹೇಳುವ ಚಂದ ನಿಮಗೆಲ್ಲ ಗೊತ್ತು. ಅವಳ ಹೆಸರಿನ ಗತಿ ಏನು? ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದರೆ ಹಳೆಯದು ತವರಿನಲ್ಲೇ ಉಳಿಯಿತು. ನಮ್ಮ ಅಜ್ಜಿಗೆ ಹೀಗೆ ಎರಡು ಹೆಸರಿದ್ದವು. ಓಣಿಯ ಜನ ಮಾತ್ರ ಅವರನ್ನು ಕರೆದದ್ದು ದೊಡ್ಡ ಮಗನ ಹೆಸರು ಸೇರಿಸಿ, ಅವನ ಅವ್ವ ಎಂದೇ. ಮೂರರಲ್ಲಿ ಯಾವುದನ್ನು ಪಟ್ಟಿಯಲ್ಲಿ ಬರೆಯಬೇಕು ಎಂದು ಯಾರಾದರೂ ಅವರನ್ನೇ ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸೇನರಿಗೆ ಈ ಪಟ್ಟಿ ಬಂದಾಗ ಅವರು ಒಪ್ಪಲಿಲ್ಲ. ಹೆಸರಿಲ್ಲದ ನಮೂದು ನಮೂದೇ ಅಲ್ಲ ಎಂಬುದು ಅವರ ನಿಲುವು. ಮತ್ತೆ ಹೋಗಿ ಹೆಸರು ಕೇಳಿ ಬನ್ನಿ ಎಂದು ಹೇಳಿಕಳಿಸಿದರು. ಬಿಹಾರಕ್ಕೆ ವಿಶೇಷವಾಗಿ ಒಂದು ತಿಂಗಳ ಗಡುವು ಹೆಚ್ಚಿಸಿಕೊಟ್ಟರು. ಆ ತಿಂಗಳಲ್ಲಿ ಸಾಕಷ್ಟು ಮಂದಿ ಹೆಸರು ಕೊಟ್ಟರು, ಎಲ್ಲರೂ ಕೊಡಲಿಲ್ಲ. ಕೊನೆಗೆ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷ ಮಂದಿ, ಅಂದರೆ ನೂರಕ್ಕೆ ಮೂರೂವರೆಯಷ್ಟು, ಪಟ್ಟಿಯಿಂದ ಹೊರಬಿದ್ದರು.

ಈ ನಿರ್ಧಾರ ಸರಿಯೇ? ನಾನು ಇದನ್ನು ನಾಲ್ಕಾರು ಗೆಳತಿಯರ ಜೊತೆ ವಾದಿಸಿದ್ದೇನೆ. ಹೊರಬಿದ್ದವರು ಮಾಡಿದ ತಪ್ಪಾದರೂ ಏನು, ಕಟ್ಟುಪಾಡು ಮಾಡಿದವರು ಗಂಡಸರು, ಮತ ಕಳೆದುಕೊಂಡವರು ಹೆಂಗಸರು, ಇದ್ಯಾವ ನ್ಯಾಯ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ನಿರಾಶ್ರಿತರಿಗೆ ಒಂದು ಹೇಳಿಕೆ ಸಾಕಾದರೆ, ಮನೆಯೊಳಗೇ ಹುಟ್ಟಿ ಬೆಳೆದವಳಿಗೆ ಏಕೆ ಸಾಲದು? ಈ ಪ್ರಶ್ನೆಗೆ ಉತ್ತರ ಕೊಡುವುದು ನನಗೂ ಕಷ್ಟವಾಯಿತು.

ಆದರೂ ನಾನು ಸೇನರ ಕಡೆಗೇ ನಿಲ್ಲುತ್ತೇನೆ. ರಾಮಪ್ರಸಾದನ ಹೆಂಡತಿ ಎಂಬ ನಮೂದಿನ ಮೇಲೆ, ತಲೆತುಂಬ ಸೆರಗೆಳೆದುಕೊಂಡು ಯಾರು ಬಂದು ಮತ ಹಾಕಿದರೂ ಹಿಡಿಯುವುದು ಹೇಗೆ? ಅಂಥ 28 ಲಕ್ಷ ಮತಗಳನ್ನು ನಿಜವಾಗಿ ಹಾಕುತ್ತಿದ್ದವರು ಮನೆಯ ಯಜಮಾನರು, ಊರ ಜಮೀನುದಾರರು. ನಿರಾಶ್ರಿತಳ ಬಳಿ ವಿಳಾಸವಿರಲಿಲ್ಲ, ಆದರೆ ಹೇಳಿಕೆ ಅವಳದೇ, ಅವಳ ಹೆಸರಿನಲ್ಲೇ ಇತ್ತು. ಇಲ್ಲಿ ವಿಳಾಸವಿತ್ತು, ಅವಳೇ ಇರಲಿಲ್ಲ. ಹೆಂಡತಿ ಎಂದು ಬರೆದುಕೊಂಡು ಮತ ಕೊಟ್ಟಿದ್ದರೆ 1935ರ ಕಾಯಿದೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತೆಯೇ. ಮೊನ್ನೆ ಒಂದು ಅರ್ಜಿ ತುಂಬುವಾಗ, ನನ್ನದೇ ಸಂಬಳ, ನನ್ನದೇ ಖಾತೆ, ಆದರೂ ಗಂಡನ ಹೆಸರು ಬರೆಯದೆ ಮುಂದಿನ ಪುಟ ತೆರೆಯಲೇ ಇಲ್ಲ. ಆಗ ಸೇನರು ನೆನಪಾದರು. ಅವರ ಪಟ್ಟಿ ಕೇಳಿದ್ದು ಇದಕ್ಕೆ ತಿರುಗುಮುರುಗಾದ ಪ್ರಶ್ನೆಯನ್ನು.

ಹೆಸರು ಕೊಟ್ಟವರಿಗೆ ಅವರು ದಾರಿ ಮಾಡಿಕೊಟ್ಟರು. ಸುಮಾರು ಎರಡು ಲಕ್ಷ ಮತಗಟ್ಟೆಗಳಲ್ಲಿ 27,000ಕ್ಕೂ ಹೆಚ್ಚು ಮಹಿಳೆಯರಿಗೆಂದೇ ಮೀಸಲಾಗಿದ್ದವು. ಪರದೆಯ ಪದ್ಧತಿಯಿದ್ದ ಊರುಗಳಲ್ಲಿ ಅವು ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿದ್ದೂ ಪ್ರಯೋಜನವಿರಲಿಲ್ಲ.

ಮೊದಲ ಮತ ಬಿದ್ದದ್ದು 1951ರ ಅಕ್ಟೋಬರ್ 25ರಂದು, ಹಿಮಾಚಲದ ಚಿನಿ ಎಂಬ ತಾಲ್ಲೂಕಿನಲ್ಲಿ. ಇಂದಿನ ಕಿನ್ನೌರ್ ಅದು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲೇ ಅಲ್ಲಿ ಮತದಾನ ಮುಗಿಸಬೇಕಿತ್ತು. ಉಳಿದ ದೇಶ ಮತ ಹಾಕಿ ಮುಗಿಸಿದ್ದು 1952ರ ಫೆಬ್ರವರಿಗೆ. ನಮ್ಮ ಹಿರಿಯರು ಆಗ ಒಂದೇ ರಾಜ್ಯದ ಮತದಾರರಲ್ಲ. ಮೈಸೂರಿನವರು ಮೈಸೂರು ವಿಧಾನಸಭೆಗೆ, ಧಾರವಾಡ ಬೆಳಗಾವಿಯವರು ಮುಂಬಯಿಗೆ, ಮಂಗಳೂರು ಬಳ್ಳಾರಿಯವರು ಮದರಾಸಿಗೆ, ಕಲಬುರಗಿಯವರು ಹೈದರಾಬಾದಿಗೆ, ಕೊಡಗಿನವರು ಕೊಡಗಿಗೆ ಮತ ಹಾಕಿದರು. ಒಂದು ರೀತಿಯಲ್ಲಿ ಆಗ ಹೆಚ್ಚಿನ ಕನ್ನಡಿಗರು ಹೊರನಾಡ ಕನ್ನಡಿಗರೇ!

ಯುದ್ಧ ಕಂಡ ನೆಲದಲ್ಲಿ ಮತಪೆಟ್ಟಿಗೆ ಏನು ಮಾಡಬಲ್ಲದು ಎಂಬುದಕ್ಕೆ ತೆಲಂಗಾಣದ ನಲ್ಗೊಂಡ ಒಂದು ಸಾಕ್ಷಿ. ಸಶಸ್ತ್ರ ಹೋರಾಟ ಹಿಂತೆಗೆದ ಕೆಲವೇ ತಿಂಗಳಲ್ಲಿ, ಆ ಹೋರಾಟದ ನಾಯಕರಲ್ಲೊಬ್ಬರಾದ ರಾವಿ ನಾರಾಯಣ ರೆಡ್ಡಿ ಅಲ್ಲಿ ಲೋಕಸಭೆಗೆ ನಿಂತು ನೆಹರೂಗಿಂತಲೂ ಹೆಚ್ಚು ಮತ ಪಡೆದು ಗೆದ್ದರು. ಸರ್ಕಾರಕ್ಕೆ ವಿರುದ್ಧವಾಗಿ ಬಂದೂಕು ಹಿಡಿದವರ ಗೆಲುವನ್ನು ಅದೇ ಸರ್ಕಾರದ ಕಾಲದ ಆಯೋಗ ಎಣಿಸಿ ಘೋಷಿಸಿತು. ಎಲ್ಲ ಕಡೆಯೂ ಇಷ್ಟು ಸಾಧ್ಯವಾಗಲಿಲ್ಲ ಎನ್ನುವುದೂ ನಿಜ. ಜಮ್ಮು ಕಾಶ್ಮೀರದಿಂದ ಮೊದಲ ಲೋಕಸಭೆಗೆ ಬಂದವರು ಮತದಿಂದ ಆರಿಸಿ ಬಂದವರಲ್ಲ, ನಾಮನಿರ್ದೇಶನಗೊಂಡವರು.

ಈ ಚುನಾವಣೆಯ ಸುದ್ದಿ ದೂರ ಹೋಯಿತು. 1953ರಲ್ಲಿ ಸೇನರಿಗೆ ಆಫ್ರಿಕಾದಿಂದ ಕರೆ ಬಂತು.

ಸುಡಾನ್ ಆಗ ಇಬ್ಬರು ಒಡೆಯರ ನಾಡು. 1899ರಿಂದ ಬ್ರಿಟನ್ ಮತ್ತು ಈಜಿಪ್ಟ್ ಎರಡೂ ಸೇರಿ ಅದನ್ನು ಆಳುತ್ತಿದ್ದವು, ನಿಜವಾದ ಹಿಡಿತ ಬ್ರಿಟನ್ನಿನದು. ಮಹಾಯುದ್ಧದಲ್ಲಿ ಇಟಲಿಯವರ ಎದುರು ಅಲ್ಲಿ ಕಾದಿದವರಲ್ಲಿ ಭಾರತೀಯ ಸೈನಿಕರೂ ಇದ್ದರು. ಪುಣೆಯ ಸದಸ್ಯರು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಗುಮ್ಮಟದ ಸುಡಾನ್ ಬ್ಲಾಕ್ ನೋಡಿರಬಹುದು. ಆ ಸೈನಿಕರ ಬಲಿದಾನದ ನೆನಪಿಗೆ ಸುಡಾನ್ ಕೊಟ್ಟ ಹಣ ಸೇರಿ ಆದ ಕಟ್ಟಡವದು. ಯುದ್ಧ ಮುಗಿದ ಮೇಲೆ ಸುಡಾನಿಗೆ ಸ್ವಯಮಾಡಳಿತ ಕೊಡುವುದೆಂದು 1953ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಅದಕ್ಕೆ ಮೊದಲು ಚುನಾವಣೆ. ಈಜಿಪ್ಟಿಗೆ ಸುಡಾನ್ ತನ್ನ ಜೊತೆ ಸೇರಬೇಕೆಂಬ ಹಂಬಲ, ಬ್ರಿಟನ್ನಿಗೆ ಸೇರಬಾರದೆಂಬ ಲೆಕ್ಕಾಚಾರ. ಒಬ್ಬರು ನಡೆಸಿದರೆ ಇನ್ನೊಬ್ಬರು ನಂಬುವುದಿಲ್ಲ. ಹೀಗಾಗಿ ಏಳು ಜನರ ಆಯೋಗ: ಮೂವರು ಸುಡಾನಿಗಳು, ಈಜಿಪ್ಟ್, ಬ್ರಿಟನ್, ಅಮೆರಿಕದ ಒಬ್ಬೊಬ್ಬರು, ಅಧ್ಯಕ್ಷರಾಗಿ ಒಬ್ಬ ಭಾರತೀಯ. ಆ ಭಾರತೀಯ ಸುಕುಮಾರ್ ಸೇನ್.

ಸುಮಾರು 25 ಲಕ್ಷ ಚದರ ಕಿಲೋಮೀಟರಿನ ನಾಡು, ಆಗ ಆಫ್ರಿಕಾದಲ್ಲೇ ದೊಡ್ಡದು. ಉತ್ತರದಲ್ಲಿ ಮರುಭೂಮಿ, ದಕ್ಷಿಣದಲ್ಲಿ ನೈಲ್ ನದಿಯ ಜೌಗು. ಒಂಟೆ, ದನಗಳ ಹಿಂದೆ ಅಲೆಯುವ ಬುಡಕಟ್ಟುಗಳು. ನೇರ ಮತದಾನ ಆಗದ ದೂರದ ಪ್ರದೇಶಗಳಲ್ಲಿ ಪರೋಕ್ಷ ಚುನಾವಣೆ ಇಟ್ಟುಕೊಳ್ಳಬೇಕಾಯಿತು. ನವೆಂಬರಿನಲ್ಲಿ ಶುರುವಾದ ಮತದಾನ ಡಿಸೆಂಬರಿನಲ್ಲಿ ಮುಗಿಯಿತು. 97 ಸ್ಥಾನಗಳಲ್ಲಿ ಈಜಿಪ್ಟಿನ ಜೊತೆ ಒಗ್ಗಟ್ಟು ಬಯಸಿದ ಪಕ್ಷಕ್ಕೆ 51. ಬ್ರಿಟನ್ನಿಗೆ ಇದು ಹಿಡಿಸಲಿಲ್ಲ, ಆದರೆ ಫಲಿತಾಂಶ ಹಾಗೆಯೇ ನಿಂತಿತು. ವಿಚಿತ್ರವೆಂದರೆ, ಗೆದ್ದ ಇಸ್ಮಾಯಿಲ್ ಅಲ್ ಅಝ್ಹರಿ ಪ್ರಧಾನಿಯಾದ ಮೇಲೆ ಮನಸ್ಸು ಬದಲಿಸಿದರು. 1956ರ ಜನವರಿ 1ರಂದು ಸುಡಾನ್ ಯಾರ ಜೊತೆಯೂ ಸೇರದೆ ಸ್ವತಂತ್ರವಾಯಿತು.

ಆ ಚುನಾವಣೆಯಲ್ಲಿ ಸಾಮಾನ್ಯ ಹೆಂಗಸರಿಗೆ ಮತವಿರಲಿಲ್ಲ. ನಮ್ಮಲ್ಲಿ ಹೆಸರಿಗಾಗಿ ಅಷ್ಟು ಹಟ ಹಿಡಿದ ಮನುಷ್ಯ, ಅಲ್ಲಿ ಅವರಿಗೆ ಜಾಗವೇ ಇಲ್ಲದ ಪಟ್ಟಿಯ ಮೇಲೆ ಚುನಾವಣೆ ನಡೆಸಿಕೊಟ್ಟರು. ನಿಯಮ ಅವರು ಮಾಡಿದ್ದಲ್ಲ, ಒಪ್ಪಂದದವರು ಮಾಡಿದ್ದು. ಆದರೂ ಓದುವಾಗ ನನಗೆ ಮನಸ್ಸಿಗೆ ಚುಚ್ಚಿತು. ಸುಡಾನಿನ ಎಲ್ಲ ಮಹಿಳೆಯರಿಗೂ ಮತ ಸಿಕ್ಕಿದ್ದು 1964ರಲ್ಲಿ. ಮರುವರ್ಷವೇ ಫಾತಿಮಾ ಅಹ್ಮದ್ ಇಬ್ರಾಹಿಂ ಅಲ್ಲಿಯ ಸಂಸತ್ತಿಗೆ ಆರಿಸಿ ಬಂದ ಮೊದಲ ಮಹಿಳೆಯಾದರು. ಅಷ್ಟರಲ್ಲಿ ದೇಶದ ಸ್ಥಿತಿ ಕೆಟ್ಟಿತ್ತು. ದಕ್ಷಿಣದಲ್ಲಿ 1955ರಲ್ಲೇ ದಂಗೆ ಹೊತ್ತಿಕೊಂಡಿತ್ತು, 1958ರ ನವೆಂಬರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತ್ತು. ಹೊರಗಿನಿಂದ ಬಂದವರು ಚುನಾವಣೆ ನಡೆಸಿಕೊಡಬಹುದು, ಆಮೇಲಿನ ಬಾಳುವೆಯನ್ನಲ್ಲ.

1954ರಲ್ಲಿ ಸೇನರಿಗೆ ಪದ್ಮಭೂಷಣ ಬಂತು. ಅವರು ಮತ್ತೆ ತಮ್ಮ ಪಟ್ಟಿಗಳಿಗೆ ಮರಳಿದರು. ಎರಡನೆಯ ಮಹಾಚುನಾವಣೆ 1957ರಲ್ಲಿ. ಆ ಹೊತ್ತಿಗೆ ಕನ್ನಡ ನಾಡು ಒಂದಾಗಿತ್ತು. ಬೀದರಿನವರೂ ಮಡಿಕೇರಿಯವರೂ ಮೊದಲ ಸಲ ಒಂದೇ ವಿಧಾನಸಭೆಗೆ ಮತ ಹಾಕಿದರು. ಮತದಾರರು 19 ಕೋಟಿ ದಾಟಿದ್ದರು. ಮೊದಲ ಚುನಾವಣೆಯ ಪೆಟ್ಟಿಗೆಗಳನ್ನು ಸೇನರು ಜೋಪಾನವಾಗಿ ಎತ್ತಿಡಿಸಿದ್ದರು, ಅವೇ ಹೊರಬಂದವು. ಮನೆಯಲ್ಲಿ ಹಬ್ಬದ ಪಾತ್ರೆಗಳನ್ನು ತೊಳೆದು ಅಟ್ಟಕ್ಕೆ ಹಾಕಿ ಮುಂದಿನ ಹಬ್ಬಕ್ಕೆ ಇಳಿಸುವ ಹಾಗೆ! ಖರ್ಚು ಹಿಂದಿನದಕ್ಕಿಂತ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಕಡಿಮೆಯಾಯಿತು.

ಪಟ್ಟಿಯಲ್ಲಾದ ಬದಲಾವಣೆ ಅದಕ್ಕಿಂತ ದೊಡ್ಡದು. ದೇಶದ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ 94 ಮಂದಿ ಈ ಸಲ ಪಟ್ಟಿಯಲ್ಲಿದ್ದರು. ಬಿಹಾರ, ರಾಜಸ್ಥಾನದ ಅದೇ ಅಂಗಳಗಳಲ್ಲಿ ಗಣತಿದಾರರು ಮತ್ತೆ ಕೇಳಿದ್ದರು. ಐದು ವರ್ಷದ ಹಿಂದೆ ತನ್ನ ಚೀಟಿ ಬರಲಿಲ್ಲ, ಪಕ್ಕದ ಮನೆಯವಳದ್ದು ಬಂತು ಎಂಬುದನ್ನು ಕಂಡವಳು ಈ ಸಲ ಬಾಗಿಲ ಸಂದಿಯಿಂದಾದರೂ ಹೆಸರು ಹೇಳಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಮನೆಯ ಗಂಡಸರಿಗೂ, ಹೆಸರು ಮುಚ್ಚಿಟ್ಟರೆ ಮನೆಗೆ ಒಂದು ಮತ ಕಡಿಮೆ ಎಂಬ ಲೆಕ್ಕ ತಿಳಿದಿರಬೇಕು.

1958ರ ಡಿಸೆಂಬರಿನಲ್ಲಿ ಸೇನರು ಹುದ್ದೆಯಿಂದ ಇಳಿದರು. ಅವರು ಕೂತಿದ್ದ ಕುರ್ಚಿಯಲ್ಲಿ ಒಬ್ಬ ಮಹಿಳೆ ಕೂರಲು 1990ರವರೆಗೆ ಕಾಯಬೇಕಾಯಿತು, ವಿ.ಎಸ್. ರಮಾದೇವಿ, ಅದೂ ಅರ್ಧ ತಿಂಗಳ ಮಟ್ಟಿಗೆ. ಮುಂದೆ ಅವರು ಮೊದಲ ಮತ ಬಿದ್ದ ಹಿಮಾಚಲಕ್ಕೂ, ಆಮೇಲೆ ನಮ್ಮ ಕರ್ನಾಟಕಕ್ಕೂ ರಾಜ್ಯಪಾಲರಾದರು. ಸೇನರು 1960ರಲ್ಲಿ ಹೊಸದಾಗಿ ಹುಟ್ಟಿದ ಬರ್ಧಮಾನ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, 1963ರಲ್ಲಿ ತೀರಿಕೊಂಡರು.

ಅವರು ಆತ್ಮಕಥೆ ಬರೆಯಲಿಲ್ಲ. ಖಾಸಗಿ ಕಾಗದಪತ್ರಗಳೂ ಹೆಚ್ಚಾಗಿ ಉಳಿದಿಲ್ಲ. ಉಳಿದಿರುವುದು ಚುನಾವಣಾ ಆಯೋಗದ ವರದಿಗಳು: ಕೋಷ್ಟಕಗಳು, ಅಂಕಿಗಳು, ಖರ್ಚಿನ ಲೆಕ್ಕ. ಕೈಬಿಟ್ಟುಹೋದ ಹೆಂಗಸರ ಸಂಖ್ಯೆಯನ್ನು ಹೊರಗೆಳೆದು ತೋರಿಸಿದವರು ವಿರೋಧ ಪಕ್ಷದವರೋ ಪತ್ರಿಕೆಯವರೋ ಇರಬೇಕೆಂದು ನಾನು ಮೊದಲು ಅಂದುಕೊಂಡಿದ್ದೆ. ಅದು ಇರುವುದು 1955ರಲ್ಲಿ ಅಚ್ಚಾದ, ಮೊದಲ ಚುನಾವಣೆಯ ಬಗ್ಗೆ ಸೇನರೇ ಕೊಟ್ಟ ವರದಿಯಲ್ಲಿ: 28 ಲಕ್ಷ, ಯಾವ ಯಾವ ರಾಜ್ಯಗಳಲ್ಲಿ ಎಂಬ ವಿವರದ ಜೊತೆಗೆ.